ಕಾಣದ ಊರಿನ ಗೇಣಿ

ಅಮೆರಿಕದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಚ್‌ಆರ್‌ನವರು ತುಂಬಿಸಿಕೊಳ್ಳೋ ಫಾರ್ಮುಗಳಲ್ಲಿ 401ಕೆ ಅನ್ನೋ ನಿವೃತ್ತಿ ಖಾತೆಯದ್ದೂ ಒಂದು. ಸಂಬಳದಲ್ಲಿ ಎಷ್ಟು ಪರ್ಸೆಂಟ್ ಹಾಕ್ತೀರಿ, ಯಾವ ಫಂಡಿಗೆ ಹಾಕ್ತೀರಿ ಅಂತ ಕೇಳುತ್ತೆ. ಪಟ್ಟಿಯಲ್ಲಿ ಅಮೆರಿಕದ ದೊಡ್ಡ ಕಂಪನಿಗಳ ಫಂಡ್, ಸಣ್ಣ ಕಂಪನಿಗಳ ಫಂಡ್, ಬಾಂಡ್ ಫಂಡ್, ಎಲ್ಲಾ ಆದಮೇಲೆ ಕೆಳಗೆಲ್ಲೋ ‘ಇಂಟರ್‌ನ್ಯಾಷನಲ್’ ಅಂತ ಒಂದು ಸಾಲು. ಆ ಸಾಲನ್ನು ಬಿಚ್ಚಿ ನೋಡಿದರೆ ಒಂದು ತಮಾಷೆ ಕಾಣುತ್ತೆ. ಜಪಾನಿನ ಟೊಯೋಟಾ, ಸ್ವಿಟ್ಜರ್ಲೆಂಡಿನ ನೆಸ್ಲೆ, ತೈವಾನಿನ ಟಿಎಸ್‌ಎಂಸಿ ಜೊತೆಗೆ ನಮ್ಮ ರಿಲಯನ್ಸು, ಎಚ್‌ಡಿಎಫ್‌ಸಿ ಬ್ಯಾಂಕು, ಇನ್ಫೋಸಿಸ್ಸೂ ಅಲ್ಲೇ ಕೂತಿರುತ್ತವೆ. ನಮ್ಮೂರ ಬಸ್‌ಸ್ಟ್ಯಾಂಡ್ ಎದುರಿನ ಬ್ಯಾಂಕು ಆ ಖಾತೆಯ ಲೆಕ್ಕದಲ್ಲಿ ಪರದೇಶ.

ನಾನು ಏಳು ವರ್ಷ ನ್ಯೂಜೆರ್ಸಿಯಲ್ಲಿದ್ದು ಬೆಂಗಳೂರಿಗೆ ವಾಪಸ್ ಬಂದವನು. ಖಾತೆ ಅಲ್ಲೇ ಉಳಿದಿದೆ. ಅದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಈ ‘ಇಂಟರ್‌ನ್ಯಾಷನಲ್’ ಸಾಲಿನಲ್ಲಿದೆ. ಎಷ್ಟು ಇಟ್ಟರೆ ಲಾಭ ಅಂತ ಹೇಳಿಕೊಡೋಕೆ ನಾನು ಹೊರಟಿಲ್ಲ, ಅದಕ್ಕೆ ಯೂಟ್ಯೂಬ್ ತುಂಬಾ ಜನ ಇದ್ದಾರೆ. ನನ್ನನ್ನು ಕಾಡೋದು ಬೇರೆ ಪ್ರಶ್ನೆ. ಒಂದು ದೇಶ ತನಗೆ ಬರಬೇಕಾದ ತೆರಿಗೆಯನ್ನು ಬಿಟ್ಟುಕೊಟ್ಟು ‘ವಯಸ್ಸಾದ ಕಾಲಕ್ಕೆ ಕೂಡಿಟ್ಟುಕೋ’ ಅನ್ನುತ್ತೆ. ಆ ದುಡ್ಡನ್ನು ತಗೊಂಡು ಹೋಗಿ ಇನ್ನೊಂದು ದೇಶದಲ್ಲಿ ಹೂಡಿದರೆ ನಾನು ಯಾರಿಗೆ ಋಣಿ? ತೆರಿಗೆ ಬಿಟ್ಟವರಿಗಾ, ಅಲ್ಲಿ ಬೆವರು ಸುರಿಸುವವರಿಗಾ?

ಗೊತ್ತಿಲ್ಲದವರಿಗೆ ಈ ಖಾತೆಗಳ ವಿಷಯ ಎರಡು ಮಾತಲ್ಲಿ ಹೇಳಿಬಿಡ್ತೀನಿ. ಅಮೆರಿಕದಲ್ಲಿ ಮುಖ್ಯವಾಗಿ ಎರಡು ಥರದ ನಿವೃತ್ತಿ ಖಾತೆಗಳಿವೆ. ಕಂಪನಿ ಮೂಲಕ ಆಗೋದು 401ಕೆ, ನಾವೇ ತೆರೆಯೋದು ಐಆರ್‌ಎ. 2025ರಲ್ಲಿ ಐವತ್ತು ವರ್ಷದೊಳಗಿನ ನೌಕರನೊಬ್ಬ ತನ್ನ ಸಂಬಳದಿಂದ 401ಕೆಗೆ 23,500 ಡಾಲರ್‌ವರೆಗೆ ಹಾಕಬಹುದಿತ್ತು. ಸಾಂಪ್ರದಾಯಿಕ ಖಾತೆಯಾದರೆ ಹಾಕಿದಷ್ಟಕ್ಕೆ ಆ ವರ್ಷ ಆದಾಯ ತೆರಿಗೆ ಇಲ್ಲ, ಒಳಗೆ ಬೆಳೆಯುವಾಗಲೂ ಇಲ್ಲ, ಮುಂದೆ ತೆಗೆಯುವಾಗ ಕಟ್ಟಬೇಕು. ರಾತ್ ಖಾತೆಯಾದರೆ ಈಗಲೇ ತೆರಿಗೆ ಕಟ್ಟಿ ಹಾಕಬೇಕು, ಆಮೇಲೆ ನಿಯಮದಂತೆ ತೆಗೆದರೆ ಏನೂ ಇಲ್ಲ. ನಮ್ಮ ಇಪಿಎಫ್, ಪಿಪಿಎಫ್‌ಗಳ ದೂರದ ನೆಂಟರು ಅಂದುಕೊಳ್ಳಿ.

ಈಗ ಸಮಸ್ಯೆಗೆ ಬರೋಣ. ಈ ರಿಯಾಯಿತಿ ಕೊಟ್ಟಿರೋದು ಅಮೆರಿಕ ಸರ್ಕಾರ. ಬೇರೆ ದೇಶಗಳು ಯಾವ ಮಾತೂ ಕೊಟ್ಟಿಲ್ಲ. ಭಾರತವನ್ನೇ ತಗೊಳ್ಳಿ. 2020ರ ಏಪ್ರಿಲ್ 1ರಿಂದ ಡಿವಿಡೆಂಡ್ ಮೇಲಿನ ತೆರಿಗೆಯನ್ನು ಕಂಪನಿಯ ಬದಲು ಷೇರುದಾರನೇ ಕಟ್ಟಬೇಕು. ವಿದೇಶಿ ಹೂಡಿಕೆದಾರನಿಗೆ ಸಾಮಾನ್ಯವಾಗಿ 20%, ಅದರ ಮೇಲೆ ಸೆಸ್. 100 ರೂಪಾಯಿ ಡಿವಿಡೆಂಡ್ ಬಂದರೆ, ಸರ್‌ಚಾರ್ಜ್ ಬಿಟ್ಟು ಲೆಕ್ಕ ಹಾಕಿದರೂ, 20 ರೂಪಾಯಿ 80 ಪೈಸೆ ಇಲ್ಲೇ ಮುರಿದುಕೊಂಡು ಉಳಿದಿದ್ದನ್ನು ಕಳಿಸುತ್ತಾರೆ. ಬ್ರಿಟನ್ ಸಾಮಾನ್ಯ ಕಂಪನಿಗಳ ಡಿವಿಡೆಂಡ್ ಮೇಲೆ ಏನೂ ಮುರಿದುಕೊಳ್ಳಲ್ಲ. ಸ್ವಿಟ್ಜರ್ಲೆಂಡ್ ಮೊದಲು 35% ಹಿಡಿದುಕೊಂಡು, ಒಪ್ಪಂದ ಇರುವ ದೇಶದವರಿಗೆ ಒಂದಿಷ್ಟು ಹಿಂದಿರುಗಿಸುತ್ತೆ.

ಅಮೆರಿಕನ್ನನೊಬ್ಬ ಇದೇ ಫಂಡನ್ನು ಮಾಮೂಲಿ ಖಾತೆಯಲ್ಲಿ ಇಟ್ಟಿದ್ದರೆ, ‘ಅಲ್ಲಿ ಇಷ್ಟು ಕಟ್ಟಿದ್ದೀನಿ’ ಅಂತ ತೋರಿಸಿ ಇಲ್ಲಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನಿವೃತ್ತಿ ಖಾತೆಯಲ್ಲಿ ಇಟ್ಟರೆ ಆ ಅವಕಾಶ ಇಲ್ಲ. ಇಲ್ಲಿ ಈ ವರ್ಷ ತೆರಿಗೆಯೇ ಇಲ್ಲದಾಗ ಯಾವುದರಲ್ಲಿ ಕಳೆಯೋದು? ಹಾಗಾಗಿ ಲೆಕ್ಕ ಬಲ್ಲವರು ಒಂದು ಬುದ್ಧಿ ಹೇಳುತ್ತಾರೆ: ಪರದೇಶದ ಷೇರನ್ನು ಮಾಮೂಲಿ ಖಾತೆಯಲ್ಲಿಡಿ, ನಿವೃತ್ತಿ ಖಾತೆಯಲ್ಲಿ ಬಾಂಡ್ ಇಡಿ. ಅನೇಕರ ಮಟ್ಟಿಗೆ ಲೆಕ್ಕ ಸರಿಯಾಗೇ ಇದೆ. ವರ್ಷಕ್ಕೆ 3% ಡಿವಿಡೆಂಡ್ ಕೊಡುವ ಫಂಡ್‌ನಲ್ಲಿ ಎಲ್ಲಾ ದೇಶಗಳೂ ಸೇರಿ ಸರಾಸರಿ 8% ಮುರಿದುಕೊಂಡವು ಅಂತಿಟ್ಟುಕೊಂಡರೆ, ಒಂದು ಲಕ್ಷ ಡಾಲರ್‌ಗೆ ವರ್ಷಕ್ಕೆ 240 ಡಾಲರ್ ಹೋಯಿತು. ಮೂವತ್ತು ವರ್ಷಕ್ಕೆ ಅದು ಸಣ್ಣ ಮೊತ್ತವೇನಲ್ಲ.

ನನ್ನ ಜೊತೆ ಓದಿದವನೊಬ್ಬ ಟೆಕ್ಸಾಸ್‌ನಲ್ಲಿದ್ದಾನೆ. ಈ ಮಾತು ಬಂದಾಗ ಅವನು ಹೇಳಿದ್ದು: ‘ಮಾರಾಯ, ಆ ದುಡ್ಡು ಸುಮ್ನೆ ಹೋಯ್ತು. ನಮಗೂ ಇಲ್ಲ, ಯಾರಿಗೂ ಇಲ್ಲ.’

ಈ ‘ಯಾರಿಗೂ ಇಲ್ಲ’ ಅನ್ನೋ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಯಾಕೆ ಅಂತ ಹೇಳೋಕೆ ಮೊದಲು ಇನ್ನೊಂದು ಬದಿಯ ಸಾಲವನ್ನು ನೋಡಬೇಕು.

ತೆರಿಗೆ ಬಿಟ್ಟುಕೊಟ್ಟ ದೇಶಕ್ಕೆ ‘ಹಾಗಾದ್ರೆ ದುಡ್ಡು ನಮ್ಮಲ್ಲೇ ಇರಲಿ’ ಅಂತ ಕೇಳೋ ಹಕ್ಕು ಇದೆಯಾ? ಕೆನಡಾ ಇದೆ ಅಂದುಕೊಂಡಿತ್ತು. ಅಲ್ಲಿನ ಆರ್‌ಆರ್‌ಎಸ್‌ಪಿ ಅನ್ನೋ ನಿವೃತ್ತಿ ಖಾತೆ ಶುರುವಾಗಿದ್ದು 1957ರಲ್ಲಿ. 1971ರಲ್ಲಿ ಒಂದು ನಿಯಮ ಬಂತು: ಪರದೇಶದ ಹೂಡಿಕೆ 10% ಮೀರಬಾರದು. ವಾದ ಸರಳ. ಕೆನಡಾದ ಜನರ ತೆರಿಗೆ ಬಿಟ್ಟು ಬೆಳೆಸಿದ ಹಣ ಕೆನಡಾದ ಕಂಪನಿಗಳಿಗೆ ಬಂಡವಾಳ ಆಗಬೇಕು. ಆದರೆ ಜಗತ್ತಿನ ಷೇರು ಮಾರುಕಟ್ಟೆಯಲ್ಲಿ ಕೆನಡಾದ್ದು ಸಣ್ಣ ಪಾಲು, ಅದರಲ್ಲೂ ಬ್ಯಾಂಕು, ಎಣ್ಣೆ, ಗಣಿಗಳದ್ದೇ ಮೇಲುಗೈ. ಜನರ ಮುಪ್ಪೆಲ್ಲಾ ಅವುಗಳ ಮೇಲೆ ನಿಂತಿತು. ಮಿತಿ 1990ರ ದಶಕದಲ್ಲಿ 20% ಆಯಿತು, 2001ಕ್ಕೆ 30% ಆಯಿತು. ಅಷ್ಟರಲ್ಲಿ ಫಂಡ್ ಕಂಪನಿಗಳು ಡೆರಿವೇಟಿವ್ ಒಪ್ಪಂದಗಳ ಮೂಲಕ, ಕಾಗದದ ಮೇಲೆ ಕೆನಡಾ ಅಂತ ಕಾಣುವ ಆದರೆ ಒಳಗೆ ಪರದೇಶವೇ ಇರುವ ಫಂಡ್‌ಗಳನ್ನು ಮಾಡಿ ಮಾರುತ್ತಿದ್ದವು. 2005ರ ಬಜೆಟ್‌ನಲ್ಲಿ ಸರ್ಕಾರ ಮಿತಿಯನ್ನೇ ಕಿತ್ತುಹಾಕಿತು.

ಅಮೆರಿಕದಲ್ಲಿ ಇದೇ ಜಗಳ ಬೇರೆ ವೇಷದಲ್ಲಿ ಬಂತು. ಅಲ್ಲಿ ಸೈನಿಕರಿಗೂ ಕೇಂದ್ರ ಸರ್ಕಾರಿ ನೌಕರರಿಗೂ ಥ್ರಿಫ್ಟ್ ಸೇವಿಂಗ್ಸ್ ಪ್ಲಾನ್ ಅಂತ ನಿವೃತ್ತಿ ಯೋಜನೆ ಇದೆ. ಅದರ ವಿದೇಶಿ ಫಂಡನ್ನು ಚೀನಾವೂ ಸೇರಿದ ದೊಡ್ಡ ಸೂಚ್ಯಂಕಕ್ಕೆ ಬದಲಾಯಿಸಬೇಕು ಅಂತ 2017ರಲ್ಲಿ ಮಂಡಳಿ ತೀರ್ಮಾನಿಸಿತು. ‘ನಮ್ಮ ಸೈನಿಕರ ದುಡ್ಡು ಚೀನಾದ ಕಂಪನಿಗಳಿಗಾ?’ ಅಂತ ಗಲಾಟೆ ಎದ್ದು, 2020ರ ಮೇ ತಿಂಗಳಲ್ಲಿ ಶ್ವೇತಭವನದ ಒತ್ತಡದಿಂದ ಅದು ನಿಂತಿತು. 2023ರಲ್ಲಿ ಚೀನಾ, ಹಾಂಗ್‌ಕಾಂಗ್ ಎರಡನ್ನೂ ಬಿಟ್ಟ ಸೂಚ್ಯಂಕವನ್ನು ಆರಿಸಿಕೊಂಡರು.

ಎರಡು ಕಥೆ ಒಂದೇ ಥರ ಕಂಡರೂ ನನ್ನ ಪ್ರಕಾರ ಬೇರೆ ಬೇರೆ. ‘ನಿನ್ನ ದುಡ್ಡಿನಿಂದ ನನ್ನ ಶತ್ರುವನ್ನು ಬೆಳೆಸಬೇಡ’ ಅನ್ನೋದು ಒಂದು. ಅದು ಸರಿಯೋ ತಪ್ಪೋ, ಒಂದು ದೇಶ ತನ್ನ ಪ್ರಜೆಗಳಿಗೆ ಹೇಳಬಹುದಾದ ಮಾತು. ‘ನಿನ್ನ ದುಡ್ಡು ನನ್ನನ್ನೇ ಬೆಳೆಸಬೇಕು’ ಅನ್ನೋದು ಇನ್ನೊಂದು. ಇದರಲ್ಲಿ ರಿಯಾಯಿತಿಯ ಉದ್ದೇಶವೇ ಮರೆತುಹೋಗುತ್ತೆ. ಸರ್ಕಾರ ತೆರಿಗೆ ಬಿಟ್ಟಿದ್ದು ನಾನು ಎಪ್ಪತ್ತನೇ ವಯಸ್ಸಿನಲ್ಲಿ ಯಾರ ಮುಂದೂ ಕೈ ಒಡ್ಡದೆ ಬದುಕಲಿ ಅಂತ. ಆ ಕೆಲಸಕ್ಕೆ ಕೆಲಸವೂ ಉಳಿತಾಯವೂ ಒಂದೇ ಊರಲ್ಲಿ ಇಲ್ಲದಿರೋದೇ ಒಳ್ಳೇದು. ಇರುವ ದೇಶ ಬಿದ್ದ ದಿನ ಕೆಲಸವೂ ಹೋಗಿ ಉಳಿತಾಯವೂ ಹೋದರೆ ರಿಯಾಯಿತಿ ಕೊಟ್ಟವರಿಗೇ ನಷ್ಟ.

ಇದಕ್ಕೆ ಒಂದು ಗಟ್ಟಿ ಎದುರುವಾದ ಇದೆ, ಅದನ್ನು ಹಾರಿಸಿ ಹೋಗಬಾರದು. ನನಗೆ ಬಿಟ್ಟ ತೆರಿಗೆಯನ್ನು ಬೇರೆ ಯಾರೋ ತುಂಬಿಕೊಡುತ್ತಿದ್ದಾರೆ. ಎಡಿಸನ್‌ನ ದಿನಸಿ ಅಂಗಡಿಯಲ್ಲಿ ಗಂಟೆ ಲೆಕ್ಕದ ಕೂಲಿಗೆ ಡಬ್ಬ ಜೋಡಿಸುವವನಿಗೆ 401ಕೆ ಇರುವ ಸಾಧ್ಯತೆ ಕಡಿಮೆ. ಇದ್ದರೂ ಅದಕ್ಕೆ 23,500 ಡಾಲರ್ ಹಾಕೋ ತಾಕತ್ತು ಎಲ್ಲಿಂದ ಬರಬೇಕು? ಅವನ ತೆರಿಗೆಯಲ್ಲಿ ರಸ್ತೆ ಆಗುತ್ತೆ, ನನ್ನದರಲ್ಲಿ ಒಂದು ಪಾಲು ಸೋಲ್‌ಗೋ ಸಾವೊ ಪಾಲೊಗೋ ಹೋಗುತ್ತೆ. ನಿಜ. ಆದರೆ ಈ ಅನ್ಯಾಯ ರಿಯಾಯಿತಿ ಯಾರಿಗೆ ಎಷ್ಟು ಸಿಗುತ್ತೆ ಅನ್ನೋದರಲ್ಲಿದೆ. ನಾನು ಅದೇ ದುಡ್ಡನ್ನು ಅಮೆರಿಕದ ಕಂಪನಿಗಳಲ್ಲೇ ಹೂಡಿದರೂ ಡಬ್ಬ ಜೋಡಿಸುವವನ ಕೈಗೆ ಏನೂ ಬರಲ್ಲ. ಅವನಿಗೆ ನಾನು ಕೊಡಬೇಕಾದ್ದು, ಖಾತೆಯನ್ನು ಮುಪ್ಪಿಗೇ ಬಳಸೋದು, ತೆಗೆಯುವ ದಿನ ಬಂದಾಗ ಬಾಕಿ ತೆರಿಗೆಯನ್ನು ಸರಿಯಾಗಿ ಕಟ್ಟೋದು.

ಒಂದು ಬದಿ ಮುಗೀತು. ಈಗ ಆ ಬದಿ.

ನಿವೃತ್ತಿ ಉಳಿತಾಯ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ನೋಡೋಣ. ದುಡ್ಡನ್ನು ಬೇಯಿಸಿ ತಿನ್ನೋಕಾಗಲ್ಲ. 2060ರಲ್ಲಿ ನಾನು ತಿನ್ನುವ ಅನ್ನವನ್ನು 2060ರಲ್ಲಿ ಕೈಕಾಲು ಗಟ್ಟಿ ಇರುವ ಯಾರೋ ಬೆಳೆದಿರಬೇಕು, ನನಗೆ ಸೂಜಿ ಚುಚ್ಚುವ ನರ್ಸು ಆಗ ಇರಬೇಕು. ಖಾತೆಯಲ್ಲಿ ಇರೋದು ಅವರ ದುಡಿಮೆಯ ಮೇಲೆ ನನಗಿರುವ ಒಂದು ಹಕ್ಕು ಅಷ್ಟೆ. ಜಪಾನಿನಂಥ ದೇಶದಲ್ಲಿ ಮುದುಕರು ಹೆಚ್ಚು, ದುಡಿಯುವವರು ಕಡಿಮೆ. ಅಲ್ಲಿನ ಸರ್ಕಾರಿ ಪಿಂಚಣಿ ನಿಧಿ 2020ರಿಂದ ತನ್ನ ಹಣವನ್ನು ನಾಲ್ಕು ಸಮಪಾಲು ಮಾಡುವ ಗುರಿ ಇಟ್ಟುಕೊಂಡಿದೆ: ದೇಶದ ಬಾಂಡ್, ದೇಶದ ಷೇರು, ಪರದೇಶದ ಬಾಂಡ್, ಪರದೇಶದ ಷೇರು. ಅಂದರೆ ಜಪಾನಿನ ಅಜ್ಜಿಯ ಪಿಂಚಣಿಯಲ್ಲಿ ಒಂದು ಭಾಗವನ್ನು ಬೇರೆ ದೇಶಗಳ ಯುವಕರು ದುಡಿದು ತುಂಬಬೇಕು. ನನ್ನ ‘ಇಂಟರ್‌ನ್ಯಾಷನಲ್’ ಸಾಲಿನ ಅರ್ಥವೂ ಇದೇ. ಎಂದೂ ನೋಡದ ಊರಿನ, ಹೆಸರು ಗೊತ್ತಿಲ್ಲದ ಹುಡುಗರ ದುಡಿಮೆಯಲ್ಲಿ ನನಗೊಂದು ಪಾಲು.

ಇಂಥ ಪಾಲಿಗೆ ನಮ್ಮ ಕಡೆ ಒಂದು ಹೆಸರಿತ್ತು. ಗೇಣಿ.

ನಮ್ಮದು ಸಾಗರ ತಾಲೂಕು. ಕಾಗೋಡು ನಮ್ಮೂರಿಂದ ದೂರವೇನಲ್ಲ. 1951ರಲ್ಲಿ ಅಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳ ಕಾವೇರಿದ್ದು ಕೊಳಗದ ವಿಷಯಕ್ಕೆ. ಭತ್ತ ಅಳೆದು ಗೇಣಿ ಹಾಕಿಸಿಕೊಳ್ಳುವಾಗ ಒಡೆಯರ ಕೊಳಗ ದೊಡ್ಡದಿರುತ್ತಿತ್ತು. ನಮ್ಮಜ್ಜನೂ ಗೇಣಿದಾರನೇ. 1974ರ ಮಾರ್ಚ್ 1ರಿಂದ ಕರ್ನಾಟಕದಲ್ಲಿ ತಿದ್ದುಪಡಿಯಾದ ಭೂಸುಧಾರಣಾ ಕಾನೂನು ಜಾರಿಗೆ ಬಂತು, ದೇವರಾಜ ಅರಸರ ಕಾಲ, ಉಳುವವನೇ ಹೊಲದೊಡೆಯ ಅಂತಾಯ್ತು. ಅಜ್ಜ ನಮೂನೆ 7 ತುಂಬಿ ಡಿಕ್ಲರೇಷನ್ ಹಾಕಿ ಎರಡೂವರೆ ಎಕರೆ ಗದ್ದೆ ತನ್ನ ಹೆಸರಿಗೆ ಮಾಡಿಸಿಕೊಂಡ. ಆ ಗದ್ದೆಯಲ್ಲಿ ಅಪ್ಪ ದುಡಿದು ನನ್ನ ಬಿಇ ಫೀಸು ಕಟ್ಟಿದ್ದು. ಅದೇ 1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಎರಿಸಾ ಅನ್ನೋ ಪಿಂಚಣಿ ಕಾನೂನಿಗೆ ಸಹಿ ಬಿತ್ತು, ಐಆರ್‌ಎ ಹುಟ್ಟಿದ್ದು ಅದರಿಂದ. ಒಂದು ಕಾನೂನು ಅಜ್ಜನನ್ನು ಗೇಣಿಯಿಂದ ಬಿಡಿಸಿತು. ಇನ್ನೊಂದು, ಮೊಮ್ಮಗ ಕೂತಲ್ಲಿಂದಲೇ ಜಗತ್ತಿನ ತುಂಬಾ ಗೇಣಿ ಎತ್ತುವ ವ್ಯವಸ್ಥೆಗೆ ದಾರಿ ಮಾಡಿತು.

ಡಿವಿಡೆಂಡ್ ಮತ್ತು ಗೇಣಿ ಒಂದೇನಾ? ಪೂರ್ತಿ ಒಂದೇ ಅಲ್ಲ. ಅಜ್ಜ ಹೇಳುತ್ತಿದ್ದ ಪ್ರಕಾರ ಮಳೆ ಬಂದರೂ ಗೇಣಿ ಅಷ್ಟೇ, ಬರದಿದ್ದರೂ ಅಷ್ಟೇ. ಷೇರುದಾರನಿಗೆ ಆ ಸೌಭಾಗ್ಯ ಇಲ್ಲ, ಕಂಪನಿಗೆ ಬರ ಬಂದ ವರ್ಷ ಅವನಿಗೂ ಬರ. ಒಡೆಯ ಇಷ್ಟ ಬಂದಾಗ ಗದ್ದೆ ಬಿಡಿಸಬಹುದಿತ್ತು. ನನ್ನ ಒಂದು ಚೂರು ಇಂಡೆಕ್ಸ್ ಫಂಡ್‌ನಿಂದ ಕೊರಿಯಾದ ಕೆಲಸಗಾರನನ್ನು ನಾನು ಬಿಡಿಸೋಕಾಗಲ್ಲ. ಹಾಗಂತ ಏನೂ ಸಂಬಂಧ ಇಲ್ಲ ಅಂತಲೂ ಅಲ್ಲ. ಉತ್ತವನು ಒಬ್ಬ, ಪಾಲು ಬರೋದು ಎಲ್ಲೋ ಕೂತವನಿಗೆ, ಅವನಿಗೆ ಗದ್ದೆಯ ಬದು ಎಲ್ಲಿದೆ ಅಂತಲೂ ಗೊತ್ತಿಲ್ಲ. ಇಷ್ಟು ಮಾತ್ರ ಹಾಗೇ ಇದೆ.

ಅಜ್ಜನಿಗೆ ಒಡೇರ ಮೇಲೆ ಸಿಟ್ಟಿದ್ದದ್ದು ಅವರು ಪಾಲು ಕೇಳುತ್ತಿದ್ದರು ಅಂತ ಅಷ್ಟೇ ಆಗಿರಲಿಲ್ಲ. ‘ಕೊಳಗ ಅವರದ್ದು, ಅಳೆಯೋನೂ ಅವರ ಮನುಷ್ಯ, ಕಣದಲ್ಲಿ ನಮ್ಮ ಮಾತು ಕೇಳೋರೇ ಇಲ್ಲ’ ಅನ್ನುತ್ತಿದ್ದ. ಈ ಮಾತನ್ನು ಇಟ್ಟುಕೊಂಡು ಆ 20 ರೂಪಾಯಿ 80 ಪೈಸೆಯನ್ನು ಮತ್ತೊಮ್ಮೆ ನೋಡಿ. ದುಡಿಮೆಯ ಪಾಲು ಗಡಿ ದಾಟಿ ಹೊರಡುವಾಗ, ದುಡಿದವರ ದೇಶ ಕಣಕ್ಕೆ ಬಂದು ‘ನಮ್ಮ ಅಳತೆಯೂ ಒಂದಿದೆ’ ಅನ್ನುವ ಜಾಗ ಅದು. ಆ ಕಂಪನಿ ಓಡಾಡುವ ರಸ್ತೆ, ಅಲ್ಲಿನ ಇಂಜಿನಿಯರ್‌ಗಳನ್ನು ಓದಿಸಿದ ಸರ್ಕಾರಿ ಶಾಲೆ, ಜಗಳ ಬಂದರೆ ತೀರಿಸುವ ಕೋರ್ಟು ಇವೆಲ್ಲ ಆ ದೇಶದ ಜನರ ಖರ್ಚಿನಲ್ಲಿ ನಡೆಯುತ್ತವೆ. ಅವುಗಳ ಬಾಡಿಗೆ ಕೇಳಿದರೆ ‘ಸುಮ್ನೆ ಹೋಯ್ತು’ ಅಂತ ಹೇಗೆ ಅನ್ನೋದು?

ಟೆಕ್ಸಾಸ್ ಗೆಳೆಯನಿಗೆ ಇದನ್ನೇ ತಿರುಗಿಸಿ ಕೇಳಿದೆ. ‘ಅಮೆರಿಕದ ಯಾವನೋ ರಿಟೈರ್ಡ್ ಮೇಷ್ಟ್ರ ಐಆರ್‌ಎನಲ್ಲಿ ನಮ್ಮ ಬ್ಯಾಂಕಿನ ಷೇರಿದೆ ಅಂತಿಟ್ಕೋ. ಅವನ ಡಿವಿಡೆಂಡ್‌ನಲ್ಲಿ ಭಾರತ 20% ಮುರಿದುಕೊಂಡರೆ ನಿಂಗೆ ಅನ್ಯಾಯ ಅನ್ಸುತ್ತಾ?’

‘ಇಲ್ಲ ಬಿಡು. ನಮ್ಮ ದೇಶದಲ್ಲಿ ದುಡಿದ ದುಡ್ಡು, ತಗೋಬೇಕಾದ್ದೇ.’

‘ಆ ಮೇಷ್ಟ್ರ ಫಂಡೂ ನಿನ್ನ ಫಂಡೂ ಒಂದೇ ಕಣೋ.’

ಸ್ವಲ್ಪ ಹೊತ್ತು ಬಿಟ್ಟು ಅವನು ಒಳ್ಳೇ ಪ್ರಶ್ನೆ ಕೇಳಿದ. ಆ ತೆರಿಗೆ ದುಡಿದವನಿಗೆ ಮುಟ್ಟುತ್ತೆ ಅಂತ ಏನು ಗ್ಯಾರಂಟಿ? ಗ್ಯಾರಂಟಿ ಇಲ್ಲ. ಯಾವ ಸರ್ಕಾರದ ತೆರಿಗೆಗೂ ಆ ಗ್ಯಾರಂಟಿ ಇಲ್ಲ. ಆದರೆ ನನ್ನ ಖಾತೆಗೆ ಬಂದರೆ ಅದು ಅವನಿಗೆ ಮುಟ್ಟಲ್ಲ ಅನ್ನೋದಂತೂ ಗ್ಯಾರಂಟಿ.

ಹಾಗಂತ ತೆರಿಗೆ ಉಳಿಸುವ ದಾರಿ ಹುಡುಕೋದೇ ಪಾಪ ಅಂತ ನಾನು ಹೇಳ್ತಿಲ್ಲ. ಕೆನಡಾದವನು ಆರ್‌ಆರ್‌ಎಸ್‌ಪಿಯಲ್ಲಿ ಅಮೆರಿಕದ ಷೇರನ್ನು ನೇರವಾಗಿ ಇಟ್ಟರೆ ಅಮೆರಿಕ 15% ಮುರಿದುಕೊಳ್ಳಲ್ಲ. ಎರಡೂ ದೇಶಗಳು ಕೂತು ‘ನಿಮ್ಮ ಮುದುಕರನ್ನು ನಾವು ಬಿಡ್ತೀವಿ’ ಅಂತ ಒಪ್ಪಿಕೊಂಡ ಮಾತು ಅದು. ಅದೇ ಕೆನಡಾದ ಟಿಎಫ್‌ಎಸ್‌ಎ ಅನ್ನೋ ಖಾತೆ, 2009ರಲ್ಲಿ ಶುರುವಾದದ್ದು, ನಿವೃತ್ತಿಗೇ ಮೀಸಲಲ್ಲ. ಅದಕ್ಕೆ ಆ ವಿನಾಯಿತಿ ಇಲ್ಲ. ಮಾತು ಕೊಟ್ಟಲ್ಲಿ ಅದನ್ನು ಬಳಸಿಕೊಳ್ಳಿ, ಯಾವ ಫಂಡ್ ಯಾವ ಖಾತೆಯಲ್ಲಿರಬೇಕು ಅಂತ ಲೆಕ್ಕವೂ ಹಾಕಿ. ಕೊಡದ ಮಾತಿಗೆ ಮೋಸ ಹೋದವರ ಥರ ಆಡೋದು ಬೇಡ. ನಮ್ಮ ಸರ್ಕಾರ ಬಿಟ್ಟಿತು ಅಂದ ಮಾತ್ರಕ್ಕೆ ಲೋಕವೆಲ್ಲ ಬಿಡಬೇಕು ಅನ್ನೋದು ಒಡೇರ ಮನಸ್ಸು.

ತೆರಿಗೆ ಕಟ್ಟಿದರೆ ಒಡೆತನದ ಋಣ ತೀರಿತಾ? ನಾರ್ವೆಯವರು ಇಲ್ಲ ಅಂದುಕೊಂಡಿದ್ದಾರೆ. ಅವರ ಎಣ್ಣೆ ದುಡ್ಡಿನ ಪಿಂಚಣಿ ನಿಧಿಗೆ 1996ರಲ್ಲಿ ಮೊದಲ ಹಣ ಬಿತ್ತು. ಆ ನಿಧಿ ಪೂರ್ತಿಯಾಗಿ ಹೂಡೋದು ಪರದೇಶಗಳಲ್ಲೇ. 2004ರಿಂದ ಅದಕ್ಕೊಂದು ನೈತಿಕ ಮಂಡಳಿ ಇದೆ. ಯಾವ ಕಂಪನಿಯ ಲಾಭದಲ್ಲಿ ಪಾಲು ತಗೊಳ್ಳಬಾರದು ಅಂತ ಸಲಹೆ ಕೊಡೋದು 2025ರವರೆಗೆ ಅದರ ಕೆಲಸವಾಗಿತ್ತು. ತಂಬಾಕು ಕಂಪನಿಗಳು ಹೊರಗೆ ಹೋದವು. 2017ರಲ್ಲಿ ನಮ್ಮ ಬಿಎಚ್‌ಇಎಲ್ ಕೂಡ ಹೋಯಿತು, ಬಾಂಗ್ಲಾದೇಶದಲ್ಲಿ ಸುಂದರಬನದ ಹತ್ತಿರ ರಾಮ್‌ಪಾಲ್ ವಿದ್ಯುತ್ ಸ್ಥಾವರ ಕಟ್ಟುತ್ತಿತ್ತು ಅನ್ನೋ ಕಾರಣಕ್ಕೆ. ಓಸ್ಲೋದಲ್ಲಿ ಕೂತವರು ಸುಂದರಬನದ ಬಗ್ಗೆ ತೀರ್ಪು ಕೊಡೋದು ದೊಡ್ಡಸ್ತಿಕೆ ಅಂತ ನೀವು ಅನ್ನಬಹುದು. ಇರಬಹುದು. ಆದರೆ ಗದ್ದೆ ನೋಡೋಕೆ ಬರುವ ಒಡೆಯನ ಜೊತೆ ಜಗಳವನ್ನಾದರೂ ಆಡಬಹುದು.

ನಮ್ಮ 401ಕೆ ಒಡೆತನದಲ್ಲಿ ಅಷ್ಟೂ ಇಲ್ಲ. ಷೇರಿನ ಓಟು ನಮ್ಮ ಹೆಸರಲ್ಲಿ ಫಂಡ್ ಕಂಪನಿ ಹಾಕುತ್ತೆ. ಒಂದು ಇಂಡೆಕ್ಸ್ ಫಂಡ್‌ನಲ್ಲಿ ಸಾವಿರಾರು ಕಂಪನಿಗಳಿರುತ್ತವೆ, ಎಲ್ಲವನ್ನೂ ವಿಚಾರಿಸೋದು ಯಾರಿಂದಲೂ ಆಗದ ಮಾತು. ಆಗೋದು ಕಡಿಮೆ, ಆದರೆ ಸೊನ್ನೆ ಅಲ್ಲ. ವರ್ಷಕ್ಕೊಂದು ಸಲ ಮೊದಲ ಐವತ್ತು ಹೆಸರು ಓದಬಹುದು. ಯಾವ ದೇಶದ್ದು ಎಷ್ಟಿದೆ, ಅವು ಏನು ಮಾಡುತ್ತವೆ ಅಂತ ತಿಳಿದುಕೊಳ್ಳಬಹುದು. ಆ ಊರುಗಳಿಂದ ಮುಷ್ಕರದ ಸುದ್ದಿಯೋ ಪ್ರವಾಹದ ಸುದ್ದಿಯೋ ಬಂದಾಗ ‘ಮಾರ್ಕೆಟ್ ಬೀಳುತ್ತಾ?’ ಅಂತ ನೋಡುವ ಮೊದಲು ಅದನ್ನು ಪೂರ್ತಿ ಓದಬಹುದು. ಕಂಪನಿಯ ನಿವೃತ್ತಿ ಯೋಜನೆಯ ಸಮಿತಿಗೆ ‘ಇಂಥ ಫಂಡೂ ಪಟ್ಟಿಯಲ್ಲಿರಲಿ’ ಅಂತ ಒಂದು ಮೇಲ್ ಹಾಕಬಹುದು. ನಾನು ಹಾಕಿದ್ದೆ. ಸುಮಾರು ಒಂದೂವರೆ ವರ್ಷ ಆದಮೇಲೆ ಒಂದು ಫಂಡ್ ಸೇರಿಸಿದರು. ನನ್ನ ಮೇಲ್‌ನಿಂದಲೇ ಅಂತ ಹೇಳೋಕಾಗಲ್ಲ.

ವಾಪಸ್ ಬರುವ ಯೋಚನೆ ಇರುವವರಿಗೆ ಇನ್ನೊಂದು ವಿಷಯ. ಇಲ್ಲಿಗೆ ಬಂದು ಪೂರ್ಣ ನಿವಾಸಿಯಾದ ಮೇಲೆ ಆ ಅಮೆರಿಕದ ಖಾತೆಯೇ ನಮಗೆ ಪರದೇಶದ ಹೂಡಿಕೆ. ಮೊದಲು ಭಾರತ ವರ್ಷ ವರ್ಷದ ಗಳಿಕೆಗೆ ತೆರಿಗೆ ಕೇಳುವ, ಅಮೆರಿಕ ತೆಗೆದಾಗ ಕೇಳುವ ಗೊಂದಲ ಇತ್ತು. 2021ರ ಬಜೆಟ್‌ನಲ್ಲಿ ಬಂದ 89ಎ ಕಲಮು ಅದನ್ನು ಸರಿಮಾಡಿತು. ಅಮೆರಿಕ, ಬ್ರಿಟನ್, ಕೆನಡಾದ ಇಂಥ ಖಾತೆಗಳಿಗೆ, ನಾವು ಬೇಕು ಅಂತ ನಿಗದಿತ ಫಾರ್ಮ್ ಕೊಟ್ಟರೆ, ಆ ದೇಶ ತೆರಿಗೆ ಹಾಕುವ ವರ್ಷವೇ ಭಾರತವೂ ಹಾಕುತ್ತೆ. ತನ್ನದಲ್ಲದ ರಿಯಾಯಿತಿಯ ಕಾಲವನ್ನು ಭಾರತ ಗೌರವಿಸಿತು, ತನ್ನ ಹಕ್ಕನ್ನು ಬಿಟ್ಟುಕೊಡಲಿಲ್ಲ. ದೇಶಗಳು ಒಂದಕ್ಕೊಂದು ಹೀಗೆ ನಡೆದುಕೊಳ್ಳೋದು ನನಗೆ ಸರಿ ಅನ್ನಿಸುತ್ತೆ.

ನಾನು ಆ ಮೂರನೇ ಒಂದು ಭಾಗವನ್ನು ನಿವೃತ್ತಿ ಖಾತೆಯಲ್ಲೇ ಬಿಟ್ಟಿದ್ದೀನಿ. ವರ್ಷದ ಕೊನೆಗೆ ಎಕ್ಸೆಲ್ ಶೀಟಲ್ಲಿ ಪರದೇಶಗಳು ಮುರಿದುಕೊಂಡ ತೆರಿಗೆಯನ್ನು ಅಂದಾಜು ಹಾಕಿ ಒಂದು ಕಾಲಂನಲ್ಲಿ ಬರೆದಿಡ್ತೀನಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ್ದ ಟೆಂಪ್ಲೇಟ್‌ನಲ್ಲಿ ಆ ಕಾಲಂ ಹೆಸರು ‘ನಷ್ಟ’ ಅಂತಿತ್ತು. ಅದನ್ನು ‘ಕೊಟ್ಟಿದ್ದು’ ಅಂತ ಬದಲಾಯಿಸಿದೆ. ಮೊತ್ತ ಅಷ್ಟೇ ಇದೆ.